ತುರ್ಕಾನಾ ಸರೋವರಕ್ಕೆ ಹೋಗಿ ಬರುವುದು: ಉತ್ತರ ಕೀನ್ಯಾದ ಹನ್ನೊಂದು ದಿನಗಳಿಗೆ ಸಮಗ್ರ ಮಾರ್ಗದರ್ಶಿ

ಕೀನ್ಯಾ ಎಂದೊಡನೆ ನಮ್ಮವರ ಕಣ್ಣಿಗೆ ಕಟ್ಟುವುದು ಮಸಾಯಿ ಮಾರಾ, ಸಿಂಹ, ಚಾವಣಿ ತೆರೆದ ಜೀಪು. ಆ ಪ್ರವಾಸಕ್ಕೆ ಮಾರ್ಗದರ್ಶಿ ಬೇಕಿಲ್ಲ. ಬೆಂಗಳೂರಿನ ಯಾವ ಟ್ರಾವೆಲ್ ಏಜೆಂಟರಾದರೂ ಹಣ ಕಟ್ಟಿಸಿಕೊಂಡು ಕರೆದೊಯ್ಯುತ್ತಾರೆ. ಈ ಬರಹ ಅದೇ ದೇಶದ ಇನ್ನೊಂದು ತುದಿಗೆ, ಇಥಿಯೋಪಿಯಾದ ಗಡಿಗೆ ತಾಗಿಕೊಂಡಿರುವ ತುರ್ಕಾನಾ ಸರೋವರಕ್ಕೆ ಹೋಗುವವರಿಗಾಗಿ.

ಸರೋವರದ ಉದ್ದ ಸುಮಾರು 290 ಕಿ.ಮೀ. ಮರುಭೂಮಿಯ ನಡುವೆ ವರ್ಷವಿಡೀ ನೀರಿರುವ ಸರೋವರಗಳಲ್ಲಿ ಪ್ರಪಂಚದಲ್ಲೇ ದೊಡ್ಡದು. ಬಹುಪಾಲು ನೀರು ಇಥಿಯೋಪಿಯಾದ ಓಮೊ ನದಿಯಿಂದ ಬರುತ್ತದೆ. ಹೊರಗೆ ಹರಿಯುವ ನದಿ ಒಂದೂ ಇಲ್ಲ. ಬಂದ ನೀರು ಬಿಸಿಲಿಗೆ ಆರಿಯೇ ಹೋಗಬೇಕು. ಹಾಗಾಗಿ ನೀರು ಕ್ಷಾರ, ನಾಲಿಗೆಗಿಟ್ಟರೆ ಸೋಡದ ರುಚಿ. 1888ರಲ್ಲಿ ಇಲ್ಲಿಗೆ ತಲುಪಿದ ಹಂಗೇರಿಯ ಕೌಂಟ್ ಟೆಲೆಕಿ ಆಸ್ಟ್ರಿಯಾದ ಯುವರಾಜ ರುಡಾಲ್ಫನ ಹೆಸರನ್ನು ಇದಕ್ಕೆ ಅಂಟಿಸಿದ. 1975ರಲ್ಲಿ ಕೀನ್ಯಾ ಸರ್ಕಾರ ಅದನ್ನು ಕಿತ್ತುಹಾಕಿ ದಂಡೆಯ ಜನರ ಹೆಸರನ್ನೇ ಇಟ್ಟಿತು.

ಮೊದಲೇ ಒಂದು ಎಚ್ಚರಿಕೆ. ನೋಡಿದ ಪ್ರಾಣಿಗಳ ಪಟ್ಟಿ ಬೆಳೆಸುವ ಉಮೇದಿನವರು ದಕ್ಷಿಣಕ್ಕೇ ಹೋಗಲಿ. ಇಲ್ಲಿ ಅರ್ಧ ದಿನ ಪ್ರಯಾಣ ಮಾಡಿದರೂ ಒಂಟೆ, ಮೇಕೆ, ನೀಳ ಕೊಂಬಿನ ಜಿಂಕೆಯಂಥ ಒಂದೆರಡು ಓರಿಕ್ಸ್ ಬಿಟ್ಟರೆ ಏನೂ ಕಾಣದಿರಬಹುದು. ಕಾಣುವುದು ನೆಲ, ಗಾಳಿ, ಬೆಳಕು ಮತ್ತು ಅಲ್ಲಿ ಬದುಕುವ ಜನ. ಅಷ್ಟು ಸಾಕು ಎನ್ನುವವರು ಮುಂದೆ ಓದಿ.

ಹಂತ 1: ಯಾವ ದಂಡೆ?

ಸರೋವರಕ್ಕೆ ಎರಡು ದಾರಿ. ಪಶ್ಚಿಮ ದಂಡೆಗೆ ಲೊಡ್ವಾರ್ ಪಟ್ಟಣ ಹೆಬ್ಬಾಗಿಲು, ನೈರೋಬಿಯಿಂದ ವಿಮಾನವಿದೆ. ಅಲ್ಲಿಂದ ಎಲಿಯೆ ಸ್ಪ್ರಿಂಗ್ಸ್ ಅಥವಾ ಕಲೋಕೋಲ್ ಊರಿಗೆ ಹೋಗಿ, ದೋಣಿಯಲ್ಲಿ ಸೆಂಟ್ರಲ್ ಐಲ್ಯಾಂಡ್ ನೋಡಬಹುದು. ಜ್ವಾಲಾಮುಖಿ ಬಾಯಿಗಳಲ್ಲಿ ನೀರು ನಿಂತು ದ್ವೀಪದೊಳಗೇ ಮೂರು ಪುಟ್ಟ ಸರೋವರಗಳಾಗಿವೆ. ನೈಲ್ ಮೊಸಳೆಗಳು ಅಲ್ಲಿ ಮೊಟ್ಟೆ ಇಡುತ್ತವೆ. ರಜೆ ನಾಲ್ಕೇ ದಿನ ಎನ್ನುವವರಿಗೆ ಇದು ಸರಿ.

ನಾನು ಹೇಳುವುದು ಪೂರ್ವ ದಂಡೆಯನ್ನು. ಅದು ಪೂರ್ತಿ ರಸ್ತೆ ಪ್ರಯಾಣ: ನೈರೋಬಿ, ಸಂಬೂರು, ಲೈಸಾಮಿಸ್, ಲೊಯಾಂಗಲಾನಿ, ಚಾಲ್ಬಿ ಮರುಭೂಮಿ, ಮಾರ್ಸಾಬಿಟ್, ಮರಳಿ ನೈರೋಬಿ. ಒಂಬತ್ತು ದಿನಕ್ಕೆ ಮುಗಿಯುತ್ತದೆ, ಆದರೆ ಹನ್ನೊಂದು ಇಟ್ಟುಕೊಳ್ಳಿ. ಆ ಎರಡು ದಿನ ಗಾಳಿಗೋ ಕೆಸರಿಗೋ ಟೈರಿಗೋ ಖರ್ಚಾಗಿಯೇ ಆಗುತ್ತದೆ. ಉಳಿದರೆ ಸಂಬೂರಿನಲ್ಲಿ ಕಳೆಯಿರಿ.

ಹಳೆಯ ಪ್ರವಾಸ ಕಥನಗಳಲ್ಲಿ ಇದೇ ದಂಡೆಗೆ ಮರಲಾಲ್–ಬರಗೋಯಿ ಊರುಗಳ ಮೂಲಕ ಹೋಗುವ ದಾರಿಯ ವರ್ಣನೆ ಸಿಗುತ್ತದೆ. ಸುಂದರವಾದ ದಾರಿಯೇ. ಆದರೆ ಆ ಸೀಮೆಯಲ್ಲಿ ದನಗಳ್ಳತನಕ್ಕೆ ಬಂದೂಕು ಸೇರಿಕೊಂಡು ದಶಕಗಳಾದವು. 2012ರಲ್ಲಿ ಬರಗೋಯಿ ಬಳಿ ಕದ್ದ ದನಗಳನ್ನು ಬಿಡಿಸಿಕೊಳ್ಳಲು ಹೋದ ನಲವತ್ತಕ್ಕೂ ಹೆಚ್ಚು ಪೊಲೀಸರೇ ಸತ್ತರು. 2023ರ ಫೆಬ್ರುವರಿಯಲ್ಲಿ ಸರ್ಕಾರ ಸಂಬೂರು, ತುರ್ಕಾನಾ ಸೇರಿ ಆರು ಕೌಂಟಿಗಳ ಕೆಲವು ಭಾಗಗಳನ್ನು ಗಲಭೆಪೀಡಿತ ಎಂದು ಘೋಷಿಸಿ ಸೇನೆ ಇಳಿಸಿತು. ಹೊರಡುವ ವಾರ ಒಮ್ಮೆ, ಸಂಬೂರಿಗೆ ಮೊದಲು ಸಿಗುವ ಇಸಿಯೋಲೊ ಪಟ್ಟಣದಲ್ಲಿ ಒಮ್ಮೆ, ಮುಂದೆ ಪ್ರತಿ ಊರಿನ ಪೊಲೀಸ್ ಠಾಣೆಯಲ್ಲಿ ಒಮ್ಮೆ ದಾರಿಯ ಸುದ್ದಿ ಕೇಳಿ. ಎದುರು ದಿಕ್ಕಿನಿಂದ ಅಂದೇ ಬಂದ ಲಾರಿ ಚಾಲಕನ ಮಾತಿಗೆ ಠಾಣೆಯ ಮಾತಿಗಿಂತ ಒಂದು ತೂಕ ಹೆಚ್ಚು.

ಹಂತ 2: ಕಾಲ

ಜೂನ್‌ನಿಂದ ಸೆಪ್ಟೆಂಬರ್, ಇಲ್ಲವೇ ಜನವರಿ–ಫೆಬ್ರುವರಿ. ಮಾರ್ಚ್‌ನಿಂದ ಮೇ ದೊಡ್ಡ ಮಳೆ, ಅಕ್ಟೋಬರ್‌ನಿಂದ ಡಿಸೆಂಬರ್ ಸಣ್ಣ ಮಳೆ. ಸರೋವರದ ಬಳಿ ಮಳೆಯೇ ಅಪರೂಪ. ಆದರೆ ದೂರದ ಬೆಟ್ಟದಲ್ಲಿ ಸುರಿದ ನೀರು ನೀವು ದಾಟಬೇಕಾದ ಒಣಹಳ್ಳದಲ್ಲಿ ಏಕಾಏಕಿ ಕೆಂಪಗೆ ನುಗ್ಗುತ್ತದೆ. ತಲೆಯ ಮೇಲೆ ನೀಲಿ ಆಕಾಶವಿದ್ದರೂ ಹಳ್ಳದ ಪಾತ್ರದಲ್ಲಿ ಡೇರೆ ಹಾಕಬೇಡಿ. ನೀರು ಬಂದರೆ ಇಳಿಯುವವರೆಗೆ ಕಾಯಿರಿ. ಎರಡು ಗಂಟೆಯಾಗಬಹುದು, ಎರಡು ದಿನವೂ ಆಗಬಹುದು.

ಹಂತ 3: ಕಾಗದ ಪತ್ರ, ಲಸಿಕೆ

2024ರ ಜನವರಿಯಿಂದ ಕೀನ್ಯಾಕ್ಕೆ ವೀಸಾ ಇಲ್ಲ, ಅದರ ಬದಲಿಗೆ ಇಟಿಎ ಎಂಬ ಪೂರ್ವಾನುಮತಿ ಬೇಕು. ಸರ್ಕಾರದ ಅಧಿಕೃತ ಜಾಲತಾಣದಲ್ಲೇ ಅರ್ಜಿ ಹಾಕಿ. ಅದೇ ಕೆಲಸಕ್ಕೆ ದುಪ್ಪಟ್ಟು ಹಣ ಕೀಳುವ ನಕಲಿ ತಾಣಗಳಿವೆ. ಪಾಸ್‌ಪೋರ್ಟಿಗೆ ಆರು ತಿಂಗಳ ಅವಧಿ ಉಳಿದಿರಬೇಕು.

ಹಳದಿ ಜ್ವರದ ಲಸಿಕೆಯ ವಿಷಯದಲ್ಲಿ ನಮ್ಮವರು ಎಡವುತ್ತಾರೆ. ಕೀನ್ಯಾ ನಿಮ್ಮನ್ನು ಕೇಳದೆ ಬಿಡಬಹುದು, ಭಾರತ ಬಿಡುವುದಿಲ್ಲ. ಮರಳಿ ಬರುವಾಗ ಪ್ರಮಾಣಪತ್ರ ಇಲ್ಲದಿದ್ದರೆ ಆರು ದಿನದವರೆಗೆ ಪ್ರತ್ಯೇಕವಾಸದಲ್ಲಿ ಇರಿಸುವ ಅಧಿಕಾರ ವಿಮಾನ ನಿಲ್ದಾಣದ ಆರೋಗ್ಯಾಧಿಕಾರಿಗೆ ಇದೆ. ಕೇಂದ್ರ ಸರ್ಕಾರ ಗುರುತಿಸಿದ ಲಸಿಕಾ ಕೇಂದ್ರಗಳಲ್ಲಿ ಮಾತ್ರ ಹಾಕಿಸಬೇಕು. ಹಾಕಿಸಿದ ಹತ್ತು ದಿನದ ಮೇಲಷ್ಟೇ ಪ್ರಮಾಣಪತ್ರ ಊರ್ಜಿತ, ಆಮೇಲೆ ಜೀವನಪರ್ಯಂತ. ಅರವತ್ತು ದಾಟಿದವರು, ಮೊಟ್ಟೆಯ ಅಲರ್ಜಿ ಇರುವವರು ಮುಂಚೆಯೇ ವೈದ್ಯರನ್ನು ಕಾಣಿ. ಮಲೇರಿಯಾ ತಡೆಯುವ ಮಾತ್ರೆಯನ್ನೂ ಅದೇ ಭೇಟಿಯಲ್ಲಿ ಬರೆಸಿಕೊಳ್ಳಿ.

ಸಾಮಾನು ಕಟ್ಟುವಾಗ ಪ್ಲಾಸ್ಟಿಕ್ ಕೈಚೀಲ ಒಂದೂ ಬೇಡ. 2017ರಿಂದ ಕೀನ್ಯಾದಲ್ಲಿ ಅದಕ್ಕೆ ನಿಷೇಧವಿದೆ, ಕಟ್ಟುನಿಟ್ಟಾಗಿ. ಬಟ್ಟೆ ಚೀಲ ಒಯ್ಯಿರಿ. ಡ್ರೋನ್ ಮನೆಯಲ್ಲೇ ಇರಲಿ. ಪರವಾನಗಿ ಇಲ್ಲದೆ ಒಯ್ದರೆ ವಿಮಾನ ನಿಲ್ದಾಣದಲ್ಲೇ ಎತ್ತಿಟ್ಟುಕೊಳ್ಳುತ್ತಾರೆ.

ಹಂತ 4: ಗಾಡಿ ಮತ್ತು ಚಾಲಕ

ಅಲ್ಲಿಯೂ ನಮ್ಮಂತೆ ಎಡಬದಿಯ ಸಂಚಾರ. ಆ ಧೈರ್ಯದಲ್ಲಿ ನಾನೇ ಓಡಿಸುತ್ತೇನೆ ಎನ್ನಬೇಡಿ. ಲೊಯಾಂಗಲಾನಿಯ ಹಿಂದಿನ ಇಳಿಜಾರಿನಲ್ಲಿ ರಸ್ತೆ ಎಂದರೆ ಕರಿ ಲಾವಾ ಕಲ್ಲುಗಳ ನಡುವೆ ಹಿಂದಿನ ಗಾಡಿ ಬಿಟ್ಟುಹೋದ ಗುರುತು, ಅಷ್ಟೇ. ಉತ್ತರದಲ್ಲಿ ಹುಟ್ಟಿ ಬೆಳೆದ, ಸಾಧ್ಯವಾದರೆ ಸಂಬೂರು ಅಥವಾ ರೆಂಡೀಲೆ ಭಾಷೆ ಬಲ್ಲ ಚಾಲಕನನ್ನೇ ಕೇಳಿ ಪಡೆಯಿರಿ. ಗಾಡಿ ಹಳೆಯ ಲ್ಯಾಂಡ್ ಕ್ರೂಸರ್ ಆದರೆ ಒಳ್ಳೆಯದು. ಕೆಟ್ಟರೆ ರಿಪೇರಿ ಬಲ್ಲವನು ಎಲ್ಲಾದರೂ ಸಿಗುತ್ತಾನೆ. ಎರಡು ಗಾಡಿಗಳಾದರೆ ಇನ್ನೂ ಒಳ್ಳೆಯದು.

ನೈರೋಬಿಯಲ್ಲಿ ಗಾಡಿ ಕೈಗೆ ಬಂದಾಗ ಇಷ್ಟನ್ನು ಕಣ್ಣಾರೆ ನೋಡಿ: ಸ್ಟೆಪ್ನಿ ಎರಡು, ಎರಡರಲ್ಲೂ ಗಾಳಿ, ಜಾಕಿ, ಅದರ ಕೆಳಗಿಡಲು ದಪ್ಪ ಹಲಗೆ, ಪಂಕ್ಚರ್ ಸಾಮಾನು, ಪಂಪು, ಸಲಿಕೆ, ಎಳೆಯುವ ಹಗ್ಗ, ತುಂಬಿದ ಎರಡು ಡೀಸೆಲ್ ಕ್ಯಾನು. ‘ಎಲ್ಲ ಇದೆ’ ಎಂಬ ಮಾತನ್ನು ನಂಬಬೇಡಿ. ನಾನು ನಂಬಿದ್ದೆ. ಸರೋವರದ ದಾರಿಯಲ್ಲಿ ಸೌತ್ ಹೋರ್ ಕಣಿವೆ ದಾಟಿದ ಮೇಲೆ ಮಟಮಟ ಮಧ್ಯಾಹ್ನ ಟೈರು ಸೀಳಿತು. ಜಾಕಿ ಇತ್ತು, ಅದನ್ನು ತಿರುಗಿಸುವ ಹಿಡಿ ಇರಲಿಲ್ಲ. ಚಾಲಕ ಒಂದೂ ಮಾತಾಡದೆ ಹಲಗೆಯನ್ನು ಆಕ್ಸಲ್ ಕೆಳಗೆ ಕೊಟ್ಟು, ಚಕ್ರದ ಕೆಳಗಿನ ನೆಲವನ್ನೇ ಸಲಿಕೆಯಲ್ಲಿ ತೋಡಿ ಚಕ್ರ ಬಿಡಿಸಿದ. ಒಂದು ಗಂಟೆ ಇಪ್ಪತ್ತು ನಿಮಿಷ ಹಿಡಿಯಿತು. ಅಷ್ಟರಲ್ಲಿ ಎಲ್ಲಿಂದಲೋ ಬಂದ ಇಬ್ಬರು ಕುರಿಗಾಹಿ ಹುಡುಗರು ಸೀಳಿದ ಟೈರನ್ನು ಮುಟ್ಟಿ ಮುಟ್ಟಿ ನೋಡಿ, ಅದರಿಂದ ಎಷ್ಟು ಜೊತೆ ಚಪ್ಪಲಿ ಆದೀತು ಎಂದು ಲೆಕ್ಕ ಹಾಕುತ್ತಿದ್ದರು. ಆ ಕಡೆ ಹೆಚ್ಚಿನವರು ಮೆಟ್ಟುವುದು ಟೈರಿನ ಚಪ್ಪಲಿಯನ್ನೇ.

ಹಂತ 5: ನೀರು, ಊಟ, ಹಣ, ಫೋನು

ಕುಡಿಯಲು ಮಾತ್ರ ಒಬ್ಬರಿಗೆ ದಿನಕ್ಕೆ ಐದು ಲೀಟರ್, ಅದರ ಮೇಲೆ ಎರಡು ದಿನದ ಆಪತ್ಕಾಲದ ನೀರು. ಗಾಳಿ ಎಷ್ಟು ಒಣ ಎಂದರೆ ಬೆವರು ಚರ್ಮದ ಮೇಲೆ ನಿಲ್ಲುವುದೇ ಇಲ್ಲ. ಬೆವರಿಲ್ಲ, ಬಾಯಾರಿಕೆ ಇಲ್ಲ ಎಂದುಕೊಂಡಿರುವಾಗಲೇ ತಲೆ ಸುತ್ತುತ್ತದೆ. ಓಆರ್‌ಎಸ್ ಪೊಟ್ಟಣ ಇಪ್ಪತ್ತಾದರೂ ಇರಲಿ. ಸರೋವರದ ನೀರು ಕುದಿಸಿದರೂ ಪ್ರಯೋಜನವಿಲ್ಲ. ಅದರಲ್ಲಿ ಫ್ಲೋರೈಡ್ ಹೆಚ್ಚು. ಅದನ್ನೇ ಕುಡಿದು ಬೆಳೆದ ದಂಡೆಯ ಜನರಲ್ಲಿ ಕಂದುಗಟ್ಟಿದ ಹಲ್ಲು, ಬಾಗಿದ ಕಾಲು ಕಾಣುತ್ತವೆ. ಪಾವಗಡ, ಬಾಗೇಪಲ್ಲಿ ಕಡೆಯವರಿಗೆ ಇದನ್ನು ವಿವರಿಸಬೇಕಿಲ್ಲ.

ಊಟದ ಬಗ್ಗೆ ಸಸ್ಯಾಹಾರಿಗಳು ಹೆದರಬೇಕಿಲ್ಲ. ಊರೆಂದ ಮೇಲೆ ಒಂದು ‘ಹೋಟೆಲಿ’ ಇದ್ದೇ ಇರುತ್ತದೆ. ಸ್ವಾಹಿಲಿಯ ಹೋಟೆಲಿಗೂ ನಮ್ಮ ಹೋಟೆಲಿಗೂ ಅರ್ಥ ಒಂದೇ: ಉಳಿಯುವ ಜಾಗವಲ್ಲ, ಉಣ್ಣುವ ಜಾಗ. ಚಪಾತಿ, ಚಾಯ್, ಸಂಬೂಸ ಹೆಸರು ಸಮೇತ ಅಲ್ಲಿವೆ. ಅಂಗಡಿಗೆ ‘ದುಕಾ’, ವಾಹನಕ್ಕೆ ‘ಗಾರಿ’, ಹಣಕ್ಕೆ ‘ಪೆಸಾ’. ಚಪಾತಿಯ ಜೊತೆ ‘ಎನ್‌ಡೆಂಗು’ ಕೇಳಿ. ಬರುವುದು ಈರುಳ್ಳಿ ಟೊಮೆಟೊ ಹಾಕಿದ ಹೆಸರುಕಾಳಿನ ಗೊಜ್ಜು. ‘ಉಗಾಲಿ’ ಜೋಳದ ಹಿಟ್ಟಿನ ಮುದ್ದೆ. ಆದರೆ ನಾವು ಮುಸುಕಿನ ಜೋಳ ಎನ್ನುತ್ತೇವಲ್ಲ, ಆ ಜೋಳ. ನುಂಗುವ ಹಾಗಿಲ್ಲ, ಅಗಿಯಬೇಕು. ಬೆಳಗ್ಗೆ ‘ಉಜಿ ವಾ ವಿಂಬಿ’ ಸಿಕ್ಕರೆ ಬಿಡಬೇಡಿ. ವಿಂಬಿ ಎಂದರೆ ರಾಗಿ, ಉಜಿ ಎಂದರೆ ಗಂಜಿ. ರಾಗಿಯ ಮೂಲ ನೆಲವೇ ಪೂರ್ವ ಆಫ್ರಿಕಾದ ಎತ್ತರದ ಸೀಮೆ. ನಮ್ಮ ಊಟದ ತಟ್ಟೆಗೆ ಅದು ಬಂದದ್ದು ಅಲ್ಲಿಂದ. ಇಸಿಯೋಲೊ ದಾಟಿದ ಮೇಲೆ ತರಕಾರಿ ವಿರಳವಾಗುತ್ತದೆ. ಅಕ್ಕಿ, ಬೇಳೆ, ಅವಲಕ್ಕಿ, ಉಪ್ಪಿನಕಾಯಿ ಗಾಡಿಯಲ್ಲಿರಲಿ.

ನೈರೋಬಿಯಲ್ಲಿ ಪಾಸ್‌ಪೋರ್ಟ್ ತೋರಿಸಿ ಸಫಾರಿಕಾಮ್ ಸಿಮ್ ಕೊಳ್ಳಿ, ಅದರಲ್ಲಿ ಎಂ-ಪೆಸಾ ಎಂಬ ಮೊಬೈಲ್ ಹಣದ ಖಾತೆ ತೆರೆಸಿ ಹಣ ತುಂಬಿಸಿ. ಕುಗ್ರಾಮದ ಗೂಡಂಗಡಿಯವರೂ ಅದರಲ್ಲೇ ತೆಗೆದುಕೊಳ್ಳುತ್ತಾರೆ. ಆದರೆ ಸಿಗ್ನಲ್ ಇಲ್ಲದ ಕಡೆ ಎಂ-ಪೆಸಾವೂ ಇಲ್ಲ. ಚಿಲ್ಲರೆ ನೋಟುಗಳ ಒಂದು ಕಟ್ಟು ಜೇಬಿನಲ್ಲಿರಲಿ. ರಾಷ್ಟ್ರೀಯ ಉದ್ಯಾನಗಳ ಪ್ರವೇಶ ಶುಲ್ಕವನ್ನು ಇಸಿಟಿಜನ್ ಎಂಬ ಸರ್ಕಾರಿ ತಾಣದಲ್ಲಿ ಕಟ್ಟಬೇಕು, ಬಾಗಿಲಲ್ಲಿ ನಗದು ನಡೆಯದು. ನೆಟ್‌ವರ್ಕ್ ಇರುವಾಗಲೇ ಆ ಕೆಲಸ ಮುಗಿಸಿ. ಆಸ್ಪತ್ರೆ ಎನ್ನಬಹುದಾದದ್ದು ಮಾರ್ಸಾಬಿಟ್‌ನಲ್ಲಿ. ಹಾಗಾಗಿ ವಿಮಾನದಲ್ಲಿ ಎತ್ತಿಕೊಂಡು ಹೋಗುವ ಸೌಲಭ್ಯವಿರುವ ವಿಮೆ ಬೇಕೇ ಬೇಕು. ಆಮ್ರೆಫ್ ಫ್ಲೈಯಿಂಗ್ ಡಾಕ್ಟರ್ಸ್ ಸಂಸ್ಥೆ ಪ್ರವಾಸಿಗರಿಗೂ ಅದನ್ನು ಕೊಡುತ್ತದೆ.

ಹಂತ 6: ನೈರೋಬಿಯಲ್ಲಿ ಒಂದು ದಿನ, ಸಂಬೂರಿನಲ್ಲಿ ಎರಡು

ಮೊದಲ ದಿನ ನೈರೋಬಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ಹೋಗಿ. 1984ರಲ್ಲಿ ಕಮೋಯ ಕಿಮೆಯು ಎಂಬ ಕೀನ್ಯಾದ ಪಳೆಯುಳಿಕೆ ಶೋಧಕ ತುರ್ಕಾನಾದ ಪಶ್ಚಿಮ ದಂಡೆಯ ನಾರಿಯೊಕೊಟೊಮೆಯಲ್ಲಿ ಒಂದು ಸಣ್ಣ ಮೂಳೆಯ ಚೂರು ಕಂಡರು. ಅಗೆದಾಗ ಸುಮಾರು 15 ಲಕ್ಷ ವರ್ಷ ಹಿಂದಿನ ಬಾಲಕನ ಹೆಚ್ಚು ಕಡಿಮೆ ಪೂರ್ಣ ಅಸ್ಥಿಪಂಜರ ಸಿಕ್ಕಿತು. ‘ತುರ್ಕಾನಾ ಬಾಲಕ’ ಅವನೇ. ಇದನ್ನು ನೋಡಿ ಹೋದರೆ, ಮುಂದೆ ಸರೋವರದ ಬಳಿ ಕಾಲಡಿಯ ಕಲ್ಲುಗಳನ್ನು ನೀವು ನೋಡುವ ರೀತಿಯೇ ಬದಲಾಗುತ್ತದೆ. ನೋಡಿ, ಎತ್ತಿಕೊಳ್ಳಬೇಡಿ, ಪಳೆಯುಳಿಕೆ ಒಯ್ಯುವುದು ಅಪರಾಧ.

ಮರುದಿನ ನಾನ್ಯುಕಿಯಲ್ಲಿ ಸಮಭಾಜಕ ವೃತ್ತ ದಾಟಿ, ಇಸಿಯೋಲೊಗೆ ಇಳಿದು, ಆರ್ಚರ್ಸ್ ಪೋಸ್ಟ್ ಬಳಿ ಸಂಬೂರು ಅಭಯಾರಣ್ಯ ಸೇರಬೇಕು. ಇಡೀ ದಾರಿ ಒಳ್ಳೆಯ ಡಾಂಬರು, ಹೆಚ್ಚು ಹೇಳುವಂಥದ್ದಿಲ್ಲ. ಈ ಪ್ರವಾಸದಲ್ಲಿ ಪ್ರಾಣಿಗಳನ್ನು ಕಣ್ತುಂಬ ನೋಡುವುದಾದರೆ ಇಲ್ಲಿಯೇ. ಎವಾಸೊ ಎನ್‌ಗಿರೊ ನದಿಯ ದಂಡೆಗೆ ಸಂಜೆ ಆನೆಗಳು ಇಳಿಯುತ್ತವೆ. ಮಸಾಯಿ ಮಾರಾದಲ್ಲಿ ಸಿಗದ ಐದು ಇಲ್ಲಿವೆ: ತೆಳು ಪಟ್ಟೆಯ ಗ್ರೇವಿ ಜೀಬ್ರಾ, ಬಲೆ ಹೊದೆಸಿದಂತಿರುವ ಜಿರಾಫೆ, ಬೀಸಾ ಓರಿಕ್ಸ್, ನೀಲಿಗಾಲಿನ ಸೋಮಾಲಿ ಉಷ್ಟ್ರಪಕ್ಷಿ ಮತ್ತು ಜೆರೆನುಕ್. ಈ ಕೊನೆಯದು ಉದ್ದ ಕೊರಳಿನ ಜಿಂಕೆ. ಹಿಂಗಾಲ ಮೇಲೆ ನೆಟ್ಟಗೆ ನಿಂತು, ಮುಂಗಾಲಿನಿಂದ ಕೊಂಬೆ ಬಗ್ಗಿಸಿಕೊಂಡು ಚಿಗುರು ತಿನ್ನುತ್ತದೆ.

ಹಂತ 7: ಲೈಸಾಮಿಸ್‌ನಿಂದ ಸರೋವರಕ್ಕೆ

ಮಾರ್ಸಾಬಿಟ್ ಹೆದ್ದಾರಿಯಲ್ಲಿ ಉತ್ತರಕ್ಕೆ ಹೋಗಿ ಲೈಸಾಮಿಸ್‌ನಲ್ಲಿ ಎಡಕ್ಕೆ ತಿರುಗಿ. ಹಿಂದೆ ಇದು ಗಾಡಿ ಮುರಿಯುವ ದಾರಿಯಾಗಿತ್ತು. ಸರೋವರದ ಆಗ್ನೇಯಕ್ಕೆ 365 ಗಾಳಿಯಂತ್ರಗಳ, 310 ಮೆಗಾವಾಟ್ ವಿದ್ಯುತ್ ಯೋಜನೆ ಬಂದಾಗ ಆ ರೆಕ್ಕೆಗಳನ್ನು ಸಾಗಿಸಲು ಇಲ್ಲಿಂದ ಸುಮಾರು 208 ಕಿ.ಮೀ. ದಾರಿಯನ್ನು ಅಗಲ ಮಾಡಿದರು. ಡಾಂಬರಲ್ಲ, ಜಲ್ಲಿಯ ರಸ್ತೆ. ಆದರೂ ಈ ಸೀಮೆಯ ಮಟ್ಟಿಗೆ ರಾಜಮಾರ್ಗ. ಒಂದೇ ದಿನಕ್ಕೆ ತಲುಪಬಹುದು. ನಾನಾದರೆ ಸೌತ್ ಹೋರ್ ಕಣಿವೆಯಲ್ಲಿ, ಹಸಿರು ಬೆಟ್ಟಗಳ ನಡುವೆ, ಒಂದು ರಾತ್ರಿ ತಂಗುತ್ತೇನೆ. ಆ ನೆರಳು ಮುಂದೆ ಐದು ದಿನ ಸಿಗುವುದಿಲ್ಲ.

ಕತ್ತಲಾದ ಮೇಲೆ ಗಾಡಿ ಓಡಿಸಬೇಡಿ. ದೂರವನ್ನು ಕಿಲೋಮೀಟರಿನಲ್ಲಿ ಲೆಕ್ಕ ಹಾಕಬೇಡಿ. ಗಂಟೆಗೆ 25 ಕಿ.ಮೀ. ಸಾಗಿದರೆ ಅದೃಷ್ಟ ಎಂದುಕೊಂಡು, ಸಂಜೆ ನಾಲ್ಕಕ್ಕೆ ಬಿಡಾರ ಸೇರುವಂತೆ ಹೊರಡಿ. ಗಾಳಿಯಂತ್ರಗಳನ್ನು ದಾಟಿದ ಮೇಲೆ ಕಪ್ಪು ಕಲ್ಲಿನ ಒಂದು ಏರು ಬರುತ್ತದೆ. ಅದರ ನೆತ್ತಿಯಲ್ಲಿ ಒಮ್ಮೆಲೇ ಸರೋವರ ಕಾಣುತ್ತದೆ, ಇದ್ದಿಲಿನ ರಾಶಿಯ ಆಚೆ ಚೆಲ್ಲಿದ ಹಸಿರು.

ಹಂತ 8: ಲೊಯಾಂಗಲಾನಿಯಲ್ಲಿ ಬದುಕುವುದು

ಹೆಸರಿನ ಅರ್ಥ ಸಂಬೂರು ಭಾಷೆಯಲ್ಲಿ ‘ಮರಗಳ ಊರು’. ಬಿಸಿನೀರಿನ ಬುಗ್ಗೆಯ ಸುತ್ತ ಡೂಮ್ ತಾಳೆಮರಗಳು ನಿಂತಿವೆ, ಅದಕ್ಕೇ ಆ ಹೆಸರು. ಉಳಿಯಲು ಒಂದೆರಡು ಸಾದಾ ವಸತಿಗೃಹಗಳು, ಡೇರೆ ಹಾಕಲು ಜಾಗ ಸಿಗುತ್ತವೆ.

ಇಲ್ಲಿ ಯಜಮಾನಿಕೆ ಗಾಳಿಯದು. ಇಥಿಯೋಪಿಯಾದ ಮತ್ತು ಕೀನ್ಯಾದ ಎತ್ತರದ ನಾಡುಗಳ ನಡುವಿನ ತಗ್ಗಿನಲ್ಲಿ ಆಗ್ನೇಯದ ಗಾಳಿ ಕೊಳವೆಯಲ್ಲಿ ನುಗ್ಗಿದಂತೆ ನುಗ್ಗುತ್ತದೆ. ರಾತ್ರಿ ಕುಲಾಲ್ ಬೆಟ್ಟದಿಂದ ಇಳಿಯಲು ಶುರುವಾದರೆ ಬೆಳಗಿನ ಹೊತ್ತು ಅದರ ಆರ್ಭಟ ಹೆಚ್ಚು. ಡೇರೆಯನ್ನು ಗೋಡೆಯ ಅಥವಾ ಗಾಡಿಯ ಮರೆಗೆ ಹಾಕಿ, ಬಾಗಿಲು ಗಾಳಿಗೆ ಬೆನ್ನು ಮಾಡಿರಲಿ, ಗೂಟಗಳ ಮೇಲೆ ತಲೆಗಾತ್ರದ ಕಲ್ಲು ಹೇರಿ. ಒಲೆ ಒಳಗೆ ಹಚ್ಚಬೇಡಿ. ಬೆಳಗ್ಗೆ ಬೂಟು ಕೊಡವದೆ ಕಾಲು ತೂರಿಸಬೇಡಿ. ಚೇಳು, ಮಂಡಲದ ಹಾವಿನ ಜಾತಿಯವು ಧಾರಾಳವಾಗಿವೆ.

ದೋಣಿಯಲ್ಲಿ ಹೋಗುವುದಿದ್ದರೆ ಗಾಳಿ ತಗ್ಗಿದ ಹೊತ್ತು ಯಾವುದೆಂದು ದೋಣಿಯವನೇ ಹೇಳಬೇಕು. ‘ಇವತ್ತು ಬೇಡ’ ಎಂದರೆ ಹೆಚ್ಚು ಹಣದ ಆಸೆ ತೋರಿಸಬೇಡಿ. 1934ರಲ್ಲಿ ಬ್ರಿಟಿಷ್ ಅನ್ವೇಷಕ ವಿವಿಯನ್ ಫುಕ್ಸ್ ತಂಡದ ಇಬ್ಬರು ಸರೋವರದ ನಡುವಿನ ಸೌತ್ ಐಲ್ಯಾಂಡ್ ದ್ವೀಪಕ್ಕೆ ದಾಟಿದರು. ಮರಳಿ ಬರಲೇ ಇಲ್ಲ, ದೇಹಗಳೂ ಸಿಗಲಿಲ್ಲ. ಜೀವರಕ್ಷಕ ಅಂಗಿ ಇಲ್ಲದ ದೋಣಿ ಹತ್ತಬೇಡಿ. ದಂಡೆಯಲ್ಲಿ ಈಜಲು ಮನಸ್ಸಾದರೆ ಮೊಸಳೆಗಳನ್ನು ನೆನೆಯಿರಿ.

ಸಮಯ ಗೊತ್ತು ಮಾಡುವಾಗ ಒಂದು ಸೂಕ್ಷ್ಮವಿದೆ. ಸ್ವಾಹಿಲಿ ಗಡಿಯಾರ ಸೂರ್ಯೋದಯದಿಂದ ಶುರು, ನಮ್ಮ ಹಿರಿಯರು ಉದಯಾದಿ ಘಳಿಗೆ ಎಣಿಸಿದಂತೆ. ಬೆಳಗಿನ ಏಳು ಗಂಟೆ ಅವರಿಗೆ ‘ಸಾ ಮೋಜಾ’, ಅಂದರೆ ಒಂದು ಗಂಟೆ. ರಾತ್ರಿಯ ಎಣಿಕೆ ಹಾಗೆಯೇ ಸೂರ್ಯಾಸ್ತದಿಂದ. ದೋಣಿಯವನು ‘ಸಾ ಕುಮಿ ನಾ ಮೋಜಾ’ ಎಂದಾಗ ನಾನು ಪದಕೋಶ ನೋಡಿ ಹನ್ನೊಂದು ಎಂದು ಬರೆದುಕೊಂಡು ನೆಮ್ಮದಿಯಾಗಿ ಮಲಗಿದೆ. ಅವನು ಬಂದು ಡೇರೆ ಅಲುಗಿಸಿದ್ದು ಬೆಳಗಿನ ಐದಕ್ಕೆ. ಬೆರಳಿನಿಂದ ಆಕಾಶ ತೋರಿಸಿ ‘ಸೂರ್ಯ ಎಲ್ಲಿರುವಾಗ?’ ಎಂದು ಕೇಳುವುದೇ ಕ್ಷೇಮ.

ಊರಿನ ಉತ್ತರಕ್ಕೆ ಎಲ್ ಮೊಲೊ ಜನರ ಹಳ್ಳಿಗಳಿವೆ. ಮೀನೇ ಬದುಕಾದ ಬಹಳ ಸಣ್ಣ ಸಮುದಾಯ. ತಮ್ಮ ಮೂಲ ಭಾಷೆ ಅಳಿದು ಈಗ ಸಂಬೂರು ಮಾತಾಡುತ್ತಾರೆ. ತಾಳೆಗರಿಯ ಗುಡಾರದಂಥ ಮನೆಗಳು. ಹೋದೊಡನೆ ಕ್ಯಾಮೆರಾ ತೆಗೆಯಬೇಡಿ. ಮೊದಲು ಹಿರಿಯರನ್ನು ಕಂಡು, ಹಳ್ಳಿಗೆ ಒಟ್ಟಾರೆ ಎಷ್ಟು ಕೊಡಬೇಕು, ಅದರಲ್ಲಿ ಫೋಟೊ ಸೇರಿದೆಯೇ ಎಂದು ಚಾಲಕನ ಮೂಲಕ ಮಾತಾಡಿ ಮುಗಿಸಿ. ಆಮೇಲೆ ಕ್ಯಾಮೆರಾವನ್ನು ಗಾಡಿಯಲ್ಲೇ ಬಿಟ್ಟು ಅರ್ಧ ಗಂಟೆ ಸುಮ್ಮನೆ ಕುಳಿತುಕೊಳ್ಳಿ. ಒಬ್ಬ ಅಜ್ಜಿ ಪಕ್ಕದಲ್ಲೇ ಗರಿ ಸೀಳಿ ಬುಟ್ಟಿ ಹೆಣೆಯುತ್ತಿದ್ದರು. ಗರಿಯನ್ನು ಹಲ್ಲಿನಲ್ಲಿ ಕಚ್ಚಿ ಹದ ಮಾಡುತ್ತ, ನಡುನಡುವೆ ನನ್ನ ಕೈಗೂ ಒಂದೊಂದು ಎಳೆ ಕೊಟ್ಟು, ನಾನು ಹೆಣೆದದ್ದನ್ನು ಬಿಚ್ಚಿ ತಾವೇ ಮತ್ತೆ ಹೆಣೆಯುತ್ತಿದ್ದರು.

ಸಿಬಿಲೋಯಿ ರಾಷ್ಟ್ರೀಯ ಉದ್ಯಾನ, ಕೂಬಿ ಫೋರಾದ ಪಳೆಯುಳಿಕೆ ತಾಣ ಇಲ್ಲಿಂದ ಇನ್ನೂ ಉತ್ತರಕ್ಕಿವೆ. 1997ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಜಾಗ. ಓಮೊ ನದಿಗೆ ಕಟ್ಟಿದ ಅಣೆಕಟ್ಟಿನ ಆತಂಕದಿಂದ 2018ರಲ್ಲಿ ಅಪಾಯದಲ್ಲಿರುವ ತಾಣಗಳ ಪಟ್ಟಿಗೂ ಸೇರಿತು. ಅಲ್ಲಿಗೆ ಮೂರು ದಿನ ಹೆಚ್ಚು ಬೇಕು, ಎರಡನೇ ಗಾಡಿಯೂ ಬೇಕು. ಮೊದಲ ಸಲ ಹೋಗುವವರು ಬಿಟ್ಟುಬಿಡಿ.

ಹಂತ 9: ಚಾಲ್ಬಿ ದಾಟಿ ಮಾರ್ಸಾಬಿಟ್‌ಗೆ

ಮರಳುವ ದಾರಿ ನಾರ್ತ್ ಹೋರ್, ಕಲಾಚಾ, ಮೈಕೋನ ಮೂಲಕ. ಚಾಲ್ಬಿ ಎಂಬುದು ಬತ್ತಿದ ಸರೋವರದ ಅಂಗಳ, ಬಿಳಿ ಉಪ್ಪಿನ ಪೊರೆ ಬಿರಿದ ಬಯಲು. ಇಲ್ಲಿ ಬಿಸಿಲ್ಗುದುರೆ ಕಾಣುತ್ತದೆ: ದೂರದ ಒಂಟೆಸಾಲು ನೆಲ ಬಿಟ್ಟು ತೇಲುತ್ತದೆ, ಇಲ್ಲದ ನೀರಿನಲ್ಲಿ ಅದರ ನೆರಳೂ ಬೀಳುತ್ತದೆ. ಗಾಬ್ರಾ ಜನರ ಸೀಮೆ ಇದು. ಹಳೆಯ ಚಕ್ರದ ಗುರುತು ಬಿಟ್ಟು ಹೊರಳಬೇಡಿ. ಪೊರೆಯ ಕೆಳಗೆ ಕೆಸರಿರುತ್ತದೆ. ಮಳೆ ಬಿದ್ದಿದೆ ಎಂದು ನಾರ್ತ್ ಹೋರ್‌ನಲ್ಲಿ ಯಾರಾದರೂ ಹೇಳಿದರೆ ಬಯಲಿಗೆ ಇಳಿಯಲೇಬೇಡಿ. ಲೊಯಾಂಗಲಾನಿಗೆ ಹಿಂತಿರುಗಿ ಬಂದ ದಾರಿಯಲ್ಲೇ ಮರಳಿ.

ಮಾರ್ಸಾಬಿಟ್ ಬೆಟ್ಟ ಏರುತ್ತಿದ್ದಂತೆ ಬೆಳಗಿನ ಮಂಜು, ಪಾಚಿ ಹಿಡಿದ ಮರಗಳು, ಸ್ವೆಟರಿನ ಚಳಿ. ಅಹಮದ್ ಎಂಬ ಉದ್ದದಂತದ ಸಲಗ ಇದ್ದದ್ದು ಇದೇ ಕಾಡಿನಲ್ಲಿ. 1970ರಲ್ಲಿ ಅಧ್ಯಕ್ಷ ಜೋಮೊ ಕೆನ್ಯಾಟ ಅವನ ರಕ್ಷಣೆಗೆಂದೇ ವಿಶೇಷ ಆಜ್ಞೆ ಹೊರಡಿಸಿದರು. 1974ರಲ್ಲಿ ಮುಪ್ಪಿನಿಂದ ಸತ್ತ. ನೈರೋಬಿಯ ವಸ್ತುಸಂಗ್ರಹಾಲಯದ ಅಂಗಳದಲ್ಲಿ ನೀವು ನೋಡಿ ಬಂದಿರುವ ಆನೆಯ ಪ್ರತಿಕೃತಿ ಅವನದೇ. ಒಂದು ರಾತ್ರಿ ಇಲ್ಲಿ ತಂಗಿ, ಟೈರುಗಳನ್ನು ದುರಸ್ತಿ ಮಾಡಿಸಿ, ಡೀಸೆಲ್ ತುಂಬಿಸಿ. ಇಲ್ಲಿಂದ ನೈರೋಬಿಯವರೆಗೆ ಡಾಂಬರು. ಒಂದೇ ದಿನದಲ್ಲಿ ಮುಟ್ಟುವ ಹಟ ಬೇಡ, ನಾನ್ಯುಕಿಯಲ್ಲಿ ಇಳಿದುಕೊಳ್ಳಿ.

ವಿಮಾನ ಹತ್ತುವ ಮುನ್ನ ಹಳದಿ ಜ್ವರದ ಕಾರ್ಡನ್ನು ದೊಡ್ಡ ಪೆಟ್ಟಿಗೆಯಿಂದ ತೆಗೆದು ಪಾಸ್‌ಪೋರ್ಟಿನೊಳಗೆ ಸಿಕ್ಕಿಸಿಕೊಳ್ಳಿ. ಮುಂಬೈಯಲ್ಲಿ ಆರೋಗ್ಯ ತಪಾಸಣೆಯ ಮೇಜು ಸಾಮಾನು ಬರುವ ಪಟ್ಟಿಗಿಂತ ಮೊದಲೇ ಸಿಗುತ್ತದೆ.